ಪಟ್ಟಿ ಬಿದ್ದ ಫಿಲ್ಮೂ, ಅಜ್ಜನ ಮಗ್ಗವೂ

ನಮ್ಮ ಮನೆಯ ಫ್ರಿಜ್‌ನಲ್ಲಿ ಮಜ್ಜಿಗೆ ಪಾತ್ರೆಯ ಪಕ್ಕ ಮೂರು ತಿಂಗಳು ಒಂದು ಪುಟ್ಟ ಡಬ್ಬಿ ಕುಳಿತಿತ್ತು. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ‘ಅಜ್ಜ, ಮುಟ್ಟಬೇಡಿ’ ಎಂದು ಬರೆದಿದ್ದೆ. ಮನೆಗೆ ಬಂದ ನೆಂಟರೊಬ್ಬರು ಅದನ್ನು ಓದಿ ಗಾಬರಿಯಾಗಿ ಅವ್ವನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರಂತೆ. ಅಜ್ಜ ಮಾತ್ರ ಪಡಸಾಲೆಯಲ್ಲಿ ಕುಳಿತು ಆರಾಮವಾಗಿ ಚಹಾ ಕುಡಿಯುತ್ತಿದ್ದರು.

ಡಬ್ಬಿಯಲ್ಲಿದ್ದದ್ದು 36 ಚಿತ್ರಗಳ ಒಂದು ಕಪ್ಪು-ಬಿಳುಪು ಫಿಲ್ಮ್ ರೋಲ್. ಅಜ್ಜ ಬೆಟಗೇರಿಯ ನೇಕಾರರು. ಆಗ ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಕಣ್ಣೂ ಮಂಜಾಗಿತ್ತು. ಶಿವರಾತ್ರಿ ಕಳೆದ ಮೇಲೆ ಅವರು ಕೊನೆಯ ಸೀರೆ ನೇಯ್ದು ಮುಗಿಸಿದರು. ಯುಗಾದಿಗೆ ಮುಂಚೆ ಮಗ್ಗ ಬಿಚ್ಚಿದರು. ಕಟ್ಟಿಗೆ ಒಂದು ಕಡೆ ಹೋಯಿತು, ಕುಣಿಯನ್ನು ಮಣ್ಣು ಹಾಕಿ ಮುಚ್ಚಿದರು. ಆ ಕೊನೆಯ ಸೀರೆಯ ಅಷ್ಟೂ ದಿನ ಸೋದರಮಾವನ ಹಳೆಯ ರಷ್ಯಾದ ಝೆನಿತ್ ಕ್ಯಾಮೆರಾ ಹಿಡಿದು ಅಜ್ಜನ ಸುತ್ತ ನಾನು ಸುಳಿದಿದ್ದೆ. ಲಾಳಿ ಎಸೆಯುವ ಕೈ, ಕುಣಿಯೊಳಗಿನ ಪಾದ, ಹಣಿಗೆ ಬಡಿಯುವಾಗ ಬಿಗಿಯುವ ಮುಖ, ಕಡೆಗೆ ಸೀರೆ ಕತ್ತರಿಸಿದ ಕತ್ತರಿ, ಎಲ್ಲವೂ ಆ ಒಂದು ರೋಲಿನಲ್ಲಿದ್ದವು.

ಮೊಬೈಲ್‌ನಲ್ಲಿ ಯಾಕೆ ತೆಗೆಯಲಿಲ್ಲ ಎಂದು ಕೇಳಬೇಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದ ಮೇಲೆ ಹತ್ತಿದ ಹುಚ್ಚು ಅದು. ಹುಚ್ಚಿಗೆ ಕಾರಣ ಇರುತ್ತದೆ, ಲೆಕ್ಕ ಇರುವುದಿಲ್ಲ. ಒಂದು ರೋಲಿನ ಬೆಲೆಗೆ ನನ್ನ ಮೆಸ್ಸಿನ ಒಂದು ವಾರದ ಊಟ ಬರುತ್ತದೆ. ತೊಳೆಸಲು ದೊಡ್ಡ ಊರಿಗೆ ಕೊರಿಯರ್ ಮಾಡಬೇಕು. ಹಾಗಾಗಿ ಮನೆಯಲ್ಲೇ ತೊಳೆಯುವುದನ್ನು ಕಲಿಯುತ್ತೇನೆ ಎಂದು ಹೊರಟೆ. ಬುದ್ಧಿವಂತಿಕೆಯ ಕೆಲಸ ಒಂದನ್ನೇ ಮಾಡಿದ್ದೆ. ಅಜ್ಜನ ರೋಲನ್ನು ಮುಟ್ಟದೆ, ಬೇರೆ ರೋಲುಗಳ ಮೇಲೆ ಕೈ ಪಳಗಿಸಲು ಶುರು ಮಾಡಿದ್ದೆ.

ಮೊದಲ ಮೂರು ರೋಲುಗಳೂ ಕೆಟ್ಟವು. ಒಂದೊಂದೂ ಒಂದೊಂದು ಬಗೆಯಲ್ಲಿ!

ಕೌದಿಯೊಳಗೆ ಕತ್ತಲೆ

ಗೊತ್ತಿಲ್ಲದವರಿಗೆ ಎರಡು ಮಾತು. ಫಿಲ್ಮನ್ನು ಪೂರ್ತಿ ಕತ್ತಲೆಯಲ್ಲಿ ಒಂದು ಪ್ಲಾಸ್ಟಿಕ್ ರೀಲಿಗೆ ಸುತ್ತಿ, ಬೆಳಕು ನುಗ್ಗದ ಟ್ಯಾಂಕಿನಲ್ಲಿ ಹಾಕಿ ಮುಚ್ಚಬೇಕು. ಆಮೇಲೆ ಎಲ್ಲವೂ ಬೆಳಕಿನಲ್ಲೇ ನಡೆಯುತ್ತದೆ. ಮೊದಲು ಡೆವಲಪರ್ ಸುರಿದರೆ ಚಿತ್ರ ಮೂಡುತ್ತದೆ. ನಂತರ ಅದನ್ನು ತಡೆಯುವ ಸ್ಟಾಪ್ ಬಾತ್ ಅಥವಾ ಬರೀ ನೀರು. ಆಮೇಲೆ ಫಿಕ್ಸರ್. ಅದು ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ಚಿತ್ರವನ್ನು ಗಟ್ಟಿ ಮಾಡುತ್ತದೆ. ಕೊನೆಗೆ ನೀರಿನಲ್ಲಿ ತೊಳೆದು ಒಣಗಿಸುವುದು. ಕೇಳಲು ಚಹಾ ಮಾಡಿದಷ್ಟೇ ಸುಲಭ.

ನಮ್ಮ ಮನೆಯಲ್ಲಿ ಕಿಟಕಿ ಇಲ್ಲದ ಕೋಣೆ ಎಂದರೆ ದೇವರ ಕೋಣೆ. ಅಲ್ಲಿಗೆ ‘ಆ ನಾತದ ಔಷಧ’ ತರಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ಫಿಲ್ಮ್ ಸುತ್ತಲು ಮಾತ್ರ ಸ್ನಾನ ಮಾಡಿ ಹೋಗಬಹುದು ಎಂಬ ರಿಯಾಯಿತಿ ಸಿಕ್ಕಿತು. ರಾತ್ರಿ ದೀಪ ಆರಿಸಿ, ಮೇಲೊಂದು ಕೌದಿ ಹೊದ್ದು ಕೂರುತ್ತಿದ್ದೆ. ಬೇಸಿಗೆಯ ಆ ಸೆಕೆಯಲ್ಲಿ ಕೈ ಬೆವರಿ ಫಿಲ್ಮ್ ರೀಲಿಗೆ ಅಂಟಿಕೊಳ್ಳುತ್ತಿತ್ತು. ಮೊದಲ ಪಾಠ ಅಲ್ಲೇ ಸಿಕ್ಕಿತು. ರೀಲು, ಕೈ ಎರಡೂ ಒಣಗಿರಬೇಕು. ಫಿಲ್ಮಿನ ಎರಡು ಸುತ್ತು ಒಂದಕ್ಕೊಂದು ಅಂಟಿದರೆ ಅಲ್ಲಿಗೆ ಡೆವಲಪರೂ ಹೋಗದು, ಫಿಕ್ಸರೂ ಹೋಗದು. ಕೆನೆ ಬಣ್ಣದ ಮಚ್ಚೆ ಉಳಿಯುತ್ತದೆ. ಮತ್ತೆ ಫಿಕ್ಸ್ ಮಾಡಿದರೆ ಮಚ್ಚೆ ಹೋಗುತ್ತದೆ, ಆದರೆ ಅಲ್ಲಿ ಚಿತ್ರವೇ ಇರುವುದಿಲ್ಲ.

ಮಜ್ಜಿಗೆ ಕಡೆದ ರೋಲ್

ಮೊದಲ ರೋಲಿನಲ್ಲಿ ತ್ರಿಕೂಟೇಶ್ವರ ದೇವಸ್ಥಾನದ ಕಂಬಗಳೂ ಭೀಷ್ಮ ಕೆರೆಯ ಮೇಲಿನ ಆಕಾಶವೂ ಇದ್ದವು. ಒಣಗಿಸಿ ನೋಡಿದರೆ ಕೆತ್ತನೆಯ ಕಂಬಗಳ ಚಿತ್ರ ಚೆನ್ನಾಗಿಯೇ ಇತ್ತು. ಆಕಾಶದಲ್ಲಿ ಮಾತ್ರ, ಫಿಲ್ಮಿನ ಎರಡೂ ಅಂಚಿನ ತೂತುಗಳಿಂದ ಒಳಮುಖವಾಗಿ ಬಾಚಣಿಗೆ ಹಲ್ಲಿನಂತೆ ಕಪ್ಪು ಪಟ್ಟಿಗಳು! ನೆಗೆಟಿವ್‌ನಲ್ಲಿ ಕಪ್ಪು ಎಂದರೆ ಚಿತ್ರದಲ್ಲಿ ಬಿಳಿ. ಕೆರೆಯ ಮೇಲೆ ಯಾರೋ ಬಿಳಿ ಬೇಲಿ ಹಾಕಿದಂತಿತ್ತು.

ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಬಜಾರಿನ ಸ್ಟುಡಿಯೊ ಕಾಕಾನ ಬಳಿ ಹೋದೆ. ಈಗ ಅಲ್ಲಿ ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್. ಒಂದು ಕಾಲಕ್ಕೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಫಿಲ್ಮನ್ನು ಹಗಲೂ ರಾತ್ರಿ ತೊಳೆದ ಕೈ ಅದು. ಕಾಕಾ ನನ್ನ ನೆಗೆಟಿವ್ ಹಿಡಿದು ಟ್ಯೂಬ್‌ಲೈಟಿನ ಕಡೆ ಎತ್ತಿದರು.

‘ಚಿತ್ರ ಆಮ್ಯಾಲ ನೋಡೂಣು. ಮೊದಲ ಅಂಚು ನೋಡು’ ಎಂದರು.

ಇದು ನಾನು ಕಲಿತ ಅತಿ ಮುಖ್ಯ ವಿದ್ಯೆ. ಗುರುತು ಚಿತ್ರದ ಚೌಕಟ್ಟಿನೊಳಗೇ ನಿಂತಿದ್ದರೆ ತಪ್ಪು ಹೆಚ್ಚಾಗಿ ಕ್ಯಾಮೆರಾದ್ದು, ಅಂದರೆ ಶಟರ್ ಅಥವಾ ಲೆನ್ಸಿನದ್ದು. ಚೌಕಟ್ಟು ದಾಟಿ ಅಂಚಿನ ತೂತುಗಳವರೆಗೆ ಹೋಗಿದ್ದರೆ, ಒಂದೋ ಎಲ್ಲೋ ಬೆಳಕು ಸೋರಿದೆ, ಇಲ್ಲವೇ ತೊಳೆಯುವಾಗ ಎಡವಟ್ಟಾಗಿದೆ. ತೂತಿಗೊಂದರಂತೆ ಲೆಕ್ಕ ಹಿಡಿದು ಬಂದ ಪಟ್ಟಿ ತೊಳೆಯುವವನ ತಪ್ಪು.

‘ಹೆಂಗ ಅಲ್ಲಾಡಿಸಿದಿ?’ ಎಂದು ಕೇಳಿದರು. ನಾನು ಕೈ ಮಾಡಿ ತೋರಿಸಿದೆ. ಕಾಕಾ ನಕ್ಕರು. ‘ತಮ್ಮಾ, ಫಿಲ್ಮ್ ತೊಳದೀಯೋ, ಮಜ್ಜಿಗಿ ಕಡದೀಯೋ?’

ಟ್ಯಾಂಕನ್ನು ಜೋರಾಗಿ, ಒಂದೇ ಸಮನೆ ಕುಲುಕಿದರೆ ದ್ರವ ಆ ತೂತುಗಳ ಮೂಲಕ ರಭಸದಿಂದ ನುಗ್ಗುತ್ತದೆ. ನುಗ್ಗಿದ ಕಡೆ ಹೊಸ ಡೆವಲಪರ್ ಹೆಚ್ಚು ಸಿಕ್ಕಿ ಅಲ್ಲಿ ಚಿತ್ರ ಹೆಚ್ಚು ಕಪ್ಪಾಗುತ್ತದೆ. ಕಂಬದ ಕೆತ್ತನೆಯಲ್ಲಿಯೂ ಆ ಪಟ್ಟಿ ಇತ್ತು. ಅಲ್ಲಿನ ಗಿಜಿಗಿಜಿಯಲ್ಲಿ ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಆಕಾಶ ಖಾಲಿ, ಆದ್ದರಿಂದ ಏನನ್ನೂ ಮುಚ್ಚಿಡದು.

ಇನ್ನೊಂದು ತಪ್ಪೂ ಸಿಕ್ಕಿತು. ನಲ್ಲಿಯ ನೀರು ಅವತ್ತು 31 ಡಿಗ್ರಿ ಇತ್ತು. ಡೆವಲಪರ್ ಬಿಸಿಯಾದಷ್ಟೂ ಬೇಗ ಕೆಲಸ ಮಾಡುತ್ತದೆ. 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಬೇಕಾದದ್ದನ್ನು ಮೂರು ನಿಮಿಷ ಚಿಲ್ಲರೆಗೆ ಮುಗಿಸಿದ್ದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಸುರಿಯಲು, ಬಸಿಯಲು ಹಿಡಿಯುವ ಹತ್ತಿಪ್ಪತ್ತು ಸೆಕೆಂಡೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ಡೆವಲಪ್ ಮಾಡುವ ಹೊತ್ತು 5 ನಿಮಿಷಕ್ಕಿಂತ ಕಡಿಮೆಯಾದರೆ ಒಂದೇ ಸಮ ಬರುವುದು ಕಷ್ಟ.

ಸುಮ್ಮನೆ ಕೂರಿಸಿದ ರೋಲ್

ಜೋರಾಗಿ ಕುಲುಕಿದ್ದು ತಪ್ಪು ತಾನೆ? ಎರಡನೇ ರೋಲನ್ನು ಮಲಗಿದ ಕೂಸಿನಂತೆ ನೋಡಿಕೊಂಡೆ. ಶುರುವಿನಲ್ಲಿ ಒಮ್ಮೆ ತಿರುಗಿಸಿ, ಆಮೇಲೆ ಹೆಚ್ಚು ಕಡಿಮೆ ಮುಟ್ಟಲೇ ಇಲ್ಲ. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳ ಚಿತ್ರಗಳವು. ನೋಡಿದರೆ ನೆಗೆಟಿವ್‌ನಲ್ಲಿ ಗಾಢವಾಗಿದ್ದ ಭಾಗಗಳಿಂದ ಒಂದೇ ದಿಕ್ಕಿಗೆ ಇಳಿದ ತೆಳು ಬಾಲಗಳು. ಅಂಚಿನಲ್ಲಿ ಅಚ್ಚಾದ ಅಂಕಿಗಳಿಂದಲೂ ಅಂಥದೇ ಬಾಲ. ಸಾಲದ್ದಕ್ಕೆ ಅಲ್ಲಲ್ಲಿ ಸಾಸಿವೆಯಷ್ಟು ದುಂಡನೆಯ ಖಾಲಿ ಚುಕ್ಕೆಗಳು.

ಡೆವಲಪರ್ ಕೆಲಸ ಮಾಡಿದ ಕಡೆ ಬ್ರೋಮೈಡ್ ಹುಟ್ಟುತ್ತದೆ. ಅದು ಡೆವಲಪರಿನ ಕೈ ಹಿಡಿದು ನಿಲ್ಲಿಸುವ ವಸ್ತು. ಟ್ಯಾಂಕ್ ಅಲುಗಾಡದೆ ನಿಂತರೆ ಅದು ಫಿಲ್ಮಿನ ಮೈ ಮೇಲೆ ಕೆಳಗೆ ಜಾರುತ್ತದೆ. ಜಾರಿದ ದಾರಿಯಲ್ಲಿ ಚಿತ್ರ ಪೂರ್ತಿ ಮೂಡುವುದಿಲ್ಲ. ಆ ಚುಕ್ಕೆಗಳೋ, ಫಿಲ್ಮಿಗೆ ಅಂಟಿ ಕುಳಿತ ಗಾಳಿಗುಳ್ಳೆಗಳದ್ದು. ಗುಳ್ಳೆ ಕೂತಲ್ಲಿ ಡೆವಲಪರ್ ತಾಗಿಲ್ಲ. ಟ್ಯಾಂಕ್ ತುಂಬಿದ ಕೂಡಲೇ ತಳವನ್ನು ಕಟ್ಟೆಗೆ ಎರಡು ಸಲ ತಟ್ಟಿದ್ದರೆ ಅವು ಬಿಟ್ಟು ಹೋಗುತ್ತಿದ್ದವು.

‘ಕಡಿಬ್ಯಾಡ ಅಂದೆ, ಮಲಗಿಸು ಅಂದ್ನೇನು?’ ಎಂದರು ಕಾಕಾ.

ಅಳತೆ ಸರಿ, ಆದರೂ ಪಟ್ಟಿ

ಮೂರನೆಯ ರೋಲಿಗೆ ಎಲ್ಲವನ್ನೂ ಪುಸ್ತಕದಂತೆ ಮಾಡಿದೆ. ಗಡಿಗೆಯ ನೀರು, ತಟ್ಟೆಯಲ್ಲಿ ಐಸು, ಥರ್ಮಾಮೀಟರು. ನನ್ನ ಟ್ಯಾಂಕಿನ ತಳದಲ್ಲಿ 35 ಎಂಎಂ ರೀಲು ಒಂದಕ್ಕೆ 290 ಮಿಲಿಲೀಟರ್ ಎಂದು ಬರೆದಿದೆ. ನಾನು 300 ಹಾಕಿದೆ. ಗೆಳೆಯರ ಕ್ರಿಕೆಟ್ ಪಂದ್ಯದ ಚಿತ್ರಗಳು ಬಂದವು. ಬಾಚಣಿಗೆ ಹಲ್ಲಿಲ್ಲ, ಬಾಲವಿಲ್ಲ, ಚುಕ್ಕೆಯಿಲ್ಲ. ಆದರೆ ರೋಲಿನ ಉದ್ದಕ್ಕೂ ಒಂದೇ ಅಂಚಿನಲ್ಲಿ ಬೆರಳಗಲದ ತೆಳು ಪಟ್ಟಿ! ಅದರ ಗಡಿ ಕೆರೆಯ ದಂಡೆಯಂತೆ ಅಂಕುಡೊಂಕು.

ಅವತ್ತು ನಿಜಕ್ಕೂ ಅಳು ಬಂತು. ಫ್ರಿಜ್ ತೆರೆದು ಆ ಡಬ್ಬಿ ನೋಡಿದೆ. ಇದನ್ನು ಕೊರಿಯರ್‌ಗೆ ಕೊಟ್ಟುಬಿಡೋಣ, ನನ್ನ ಕೈಗೆ ಒಗ್ಗುವ ಕೆಲಸವಲ್ಲ ಎನಿಸಿತು. ಕೆಟ್ಟರೆ ಮತ್ತೊಮ್ಮೆ ತೆಗೆಯೋಣ ಎನ್ನಲು ಮಗ್ಗವೇ ಇಲ್ಲ.

ನೆಗೆಟಿವ್ ಹಗ್ಗಕ್ಕೆ ತೂಗುಹಾಕಿದ್ದೆ. ಅಜ್ಜ ಹತ್ತಿರ ಬಂದು ಬೆಳಕಿಗೆ ಹಿಡಿದು ನೋಡಿದರು. ಚಿತ್ರ ಕಾಣುವಷ್ಟು ಕಣ್ಣು ಚುರುಕಿರಲಿಲ್ಲ. ಪಟ್ಟಿ ಮಾತ್ರ ಕಂಡಿತು.

‘ಪಟ್ಟಿ ಬಿದ್ದದಲ್ಲೋ ತಮ್ಮಾ.’

‘ಹೂಂ ಅಜ್ಜಾ. ಏನು ಮಾಡಿದರೂ ಬೀಳಾಕತ್ತದ.’

‘ಅರಿವ್ಯಾಗನೂ ಬೀಳ್ತದ. ಹೊಡತ ಒಂದ ಸಮ ಬೀಳಲಿಲ್ಲಂದ್ರ ಬೀಳ್ತದ. ಊಟಕ್ಕ ಎದ್ದು ಬಂದು ಮತ್ತ ಕುಂತಾಗ ಬೀಳ್ತದ. ಪಟ್ಟಿ ನೋಡಿ ಅಳಬಾರದು. ಎಲ್ಲಿಂದ ಶುರು ಆಗೇದ ಅಂತ ಹಿಂದಕ್ಕ ನೋಡಬೇಕು. ಅಲ್ಲೇ ತಪ್ಪು ಇರ್ತದ.’

ಅರವತ್ತು ವರ್ಷ ಬಟ್ಟೆಯಲ್ಲಿ ಪಟ್ಟಿ ಹುಡುಕಿದವರ ಮಾತು ಅದು. ಹಿಂದಕ್ಕೆ ನೋಡಿದೆ. ಪಟ್ಟಿ ಒಂದೇ ಅಂಚಿನಲ್ಲಿದೆ, ರೋಲಿನ ಉದ್ದಕ್ಕೂ ಇದೆ. ಅಂದರೆ ಆ ಅಂಚು ಡೆವಲಪರಿನ ಮೇಲೆ ತೇಲಿರಬೇಕು. ಆದರೆ 300 ಮಿಲಿ ಹಾಕಿದ್ದೆನಲ್ಲ? ಕಾಕಾ ಕೇಳಿದ್ದು ಒಂದೇ ಪ್ರಶ್ನೆ. ‘ನಿನ್ನ ಟ್ಯಾಂಕ್ ಎಷ್ಟ ರೀಲಿಂದು?’

ಎರಡು ರೀಲಿನ ಟ್ಯಾಂಕಿನಲ್ಲಿ ಒಂದೇ ರೀಲು ಹಾಕಿದ್ದೆ. ಟ್ಯಾಂಕ್ ತಲೆಕೆಳಗು ಮಾಡಿದಾಗ ಆ ರೀಲು ನಡುವಿನ ಕೊಳವೆಯ ಮೇಲೆ ಜಾರಿ ಮೇಲೇರಿದೆ, ಮತ್ತೆ ಕೆಳಗೆ ಪೂರ್ತಿ ಇಳಿದಿಲ್ಲ. ದ್ರವ ಕೆಳಗೆ, ಫಿಲ್ಮಿನ ಮೇಲಂಚು ಗಾಳಿಯಲ್ಲಿ. ಪರಿಹಾರವೋ ಪುಕ್ಕಟೆ. ಮೇಲೊಂದು ಖಾಲಿ ರೀಲು ಇಡಬೇಕು, ದ್ರವವನ್ನು ಎರಡು ರೀಲಿನ ಲೆಕ್ಕದಲ್ಲಿ 600 ಮಿಲಿ ಹಾಕಬೇಕು.

ಬಿಳಿ ಗೋಡೆಯ ಪರೀಕ್ಷೆ

ಇಷ್ಟಾದರೂ ಅಜ್ಜನ ರೋಲು ಮುಟ್ಟಲು ಧೈರ್ಯ ಬರಲಿಲ್ಲ. ಕಾಕಾ ಒಂದು ಉಪಾಯ ಹೇಳಿದರು. ಒಂದು ರೋಲು ಪೂರ್ತಿ ಬರೀ ಸುಣ್ಣದ ಗೋಡೆಯ ಚಿತ್ರ ತೆಗೆ, ಫೋಕಸ್ ಇಲ್ಲದೆ. ಖಾಲಿ ಗೋಡೆಯ ಮೇಲೆ ಯಾವ ಪಟ್ಟಿಯೂ ಅಡಗಿ ಕೂರದು. ಕತ್ತಲೆಯಲ್ಲಿ ಆ ರೋಲನ್ನು ಮೂರು ತುಂಡು ಮಾಡು. ಮೂರನ್ನೂ ಬೇರೆ ಬೇರೆ ತೊಳೆ.

‘ಒಮ್ಮೆಗೆ ಒಂದ ಬದಲ ಮಾಡು. ಎಲ್ಲಾ ಕೂಡೇ ಬದಲ ಮಾಡಿದ್ರ, ಛಲೋ ಆದ್ರೂ ಯಾಕ ಆತು ಗೊತ್ತಾಗಂಗಿಲ್ಲ, ಕೆಟ್ರೂ ಯಾಕ ಕೆಟ್ತು ಗೊತ್ತಾಗಂಗಿಲ್ಲ.’

ನಾಲ್ಕು ವರ್ಷದ ಕಾಲೇಜಿನ ಪ್ರಯೋಗಾಲಯದಲ್ಲಿ ನನಗೆ ಹತ್ತದ ಮಾತು ಝೆರಾಕ್ಸ್ ಮಷಿನ್ನಿನ ಪಕ್ಕ ಹತ್ತಿತು.

ಅರ್ಧ ಮೀಟರಿನ ಬಿದಿರು ಕಡ್ಡಿಯನ್ನು ಅಳತೆಗೆ ಇಟ್ಟುಕೊಂಡು ಕೌದಿಯೊಳಗೆ ಫಿಲ್ಮ್ ಕತ್ತರಿಸಿದೆ. ನನ್ನ ಫಿಲ್ಮ್ ಎಚ್‌ಪಿ5 ಪ್ಲಸ್, ಡೆವಲಪರ್ ಐಡಿ-11. ಅದಕ್ಕೆ ಸಮಪಾಲು ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕು. ನಮ್ಮೂರ ಬೇಸಿಗೆಯಲ್ಲಿ 20ಕ್ಕೆ ಇಳಿಸುವುದು ಕಷ್ಟ. ಆದರೆ 24ಕ್ಕೆ ಇಳಿಸಬಹುದು, ಆಗ ಸುಮಾರು 9 ನಿಮಿಷ. ತೆಳು ಮಾಡಿದ್ದರಿಂದ ಹೊತ್ತು ಹಿಗ್ಗಿತು, 5 ನಿಮಿಷದ ಗಂಡಾಂತರ ತಪ್ಪಿತು. ಟ್ಯಾಂಕು, ಬಾಟಲಿಗಳನ್ನೆಲ್ಲ ಅದೇ ತಣಿವಿನ ನೀರು ತುಂಬಿದ ಬುಟ್ಟಿಯಲ್ಲಿ ನಿಲ್ಲಿಸಿದೆ.

ಮೊದಲ ತುಂಡನ್ನು ಬೇಕೆಂದೇ ಮಜ್ಜಿಗೆ ಕಡೆದಂತೆ ಕುಲುಕಿದೆ. ಪಟ್ಟಿಗಳು ಬಂದವು. ಎರಡನೆಯದನ್ನು ಫಿಲ್ಮ್ ಕಂಪನಿಯ ಮಾಹಿತಿ ಹಾಳೆ ಹೇಳಿದಂತೆ, ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ನಿಧಾನವಾಗಿ ತಲೆಕೆಳಗು ಮಾಡಿದೆ. ಪ್ರತಿ ಸಲ ಟ್ಯಾಂಕನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದೆ, ದ್ರವ ಒಂದೇ ದಾರಿ ಹಿಡಿಯದಿರಲಿ ಎಂದು. ಕೊನೆಗೆ ತಟ್ಟಿದೆ. ಗೋಡೆ ಗೋಡೆಯಂತೆಯೇ ಬಂತು! ಮೂರನೆಯ ತುಂಡನ್ನೂ ಹಾಗೆಯೇ ತೊಳೆದೆ. ಒಮ್ಮೆ ಸರಿ ಬಂದದ್ದು ಅದೃಷ್ಟವೂ ಇರಬಹುದಲ್ಲ? ಅದೂ ಚೊಕ್ಕಟ.

ಒಣಗಿದ ಮೇಲೆ ಹೊಸ ಬಿಳಿ ಕಲೆಗಳು ಕಂಡು ಎದೆ ಧಸಕ್ಕೆಂದಿತು. ಇವು ಬೇರೆ ಜಾತಿಯವು. ಫಿಲ್ಮನ್ನು ಓರೆಯಾಗಿ ಹಿಡಿದರೆ ಮೇಲ್ಮೈ ಮೇಲೆ ಸುಣ್ಣದ ಉಂಗುರದಂತೆ ಕಾಣುತ್ತಿದ್ದವು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಪ್ರಸಾದ. ಡೆವಲಪರಿನ ತಪ್ಪು ಫಿಲ್ಮಿನ ಒಳಗಿರುತ್ತದೆ, ಸರಿಪಡಿಸಲು ಬಾರದು. ನೀರಿನ ಕಲೆ ಹೊರಗಿರುತ್ತದೆ, ಮತ್ತೆ ತೊಳೆದರೆ ಹೋಗುತ್ತದೆ. ಕೊನೆಯ ಜಾಲಾಡಿಕೆಗೆ ಗಾಡಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತಂದು, ಫಿಲ್ಮಿಗೆಂದೇ ಸಿಗುವ ವೆಟಿಂಗ್ ಏಜೆಂಟ್ ಒಂದೆರಡು ಹನಿ ಬಿಟ್ಟೆ. ಕಲೆ ಮಾಯ. (ನೀರು ಎಂದೇ ಕೇಳಿ, ಆಸಿಡ್ ತರಬೇಡಿ!)

ಆ ರಾತ್ರಿ

ಮೊದಲ ಮಳೆ ಬಿದ್ದ ವಾರ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದೆ. ತಣ್ಣನೆಯ ಫಿಲ್ಮ್ ಮೇಲೆ ಹನಿ ಕೂರದಿರಲೆಂದು ಅರ್ಧ ದಿನ ಮುಚ್ಚಳ ತೆರೆಯದೆ ಹೊರಗಿಟ್ಟೆ. ರಾತ್ರಿ ದೇವರ ಕೋಣೆಗೆ ಹೋಗುವಾಗ ಅಜ್ಜಿ ಏನೂ ಅನ್ನಲಿಲ್ಲ. ಬಾಗಿಲ ಸಂದಿಗೆ ತಾವೇ ಒಂದು ಹಳೆಯ ಸೀರೆ ತುರುಕಿದರು.

ಒಂಬತ್ತು ನಿಮಿಷ ನನ್ನ ಕೈ ನಡುಗಲಿಲ್ಲ ಎಂದರೆ ಸುಳ್ಳು. ಅಜ್ಜ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪ್ರತಿ ನಿಮಿಷಕ್ಕೆ ಟ್ಯಾಂಕ್ ತಿರುಗಿಸುವಾಗ ಅವರ ತಲೆ ಸಣ್ಣಗೆ ಆಡುತ್ತಿತ್ತು. ಹಣಿಗೆಯ ತಾಳ ಅದು ಎಂದು ಆಮೇಲೆ ಹೊಳೆಯಿತು. ಸುರಿದೆ, ಬಸಿದೆ, ಫಿಕ್ಸ್ ಮಾಡಿದೆ, ತೊಳೆದೆ. ಮುಚ್ಚಳ ತೆಗೆದು ಫಿಲ್ಮ್ ಎಳೆದಾಗ ಮೊದಲು ಚಿತ್ರ ನೋಡಲಿಲ್ಲ. ಅಂಚು ನೋಡಿದೆ.

ಅಂಕಿಗಳು ಸ್ಪಷ್ಟ. ತೂತುಗಳ ಸುತ್ತ ಏನೂ ಇಲ್ಲ. ಮಗ್ಗದ ಹಿಂದಿನ ಬಿಳಿ ಗೋಡೆ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮ. ಎರಡು ಚಿತ್ರ ಮಬ್ಬಾಗಿವೆ, ಅದು ನನ್ನ ಫೋಕಸ್ಸಿನ ತಪ್ಪು. ಉಳಿದ 34 ಚಿತ್ರಗಳಲ್ಲಿ ಅಜ್ಜ ಇನ್ನೂ ನೇಯುತ್ತಿದ್ದಾರೆ.

ಮರುದಿನ ಕಾಕಾ ಸ್ಕ್ಯಾನ್ ಮಾಡಿ ನಾಲ್ಕು ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟರು. ದುಡ್ಡು ಕೊಡಹೋದರೆ ‘ಇಟ್ಕೋ, ಮುಂದಿನ ರೋಲಿಗೆ ಬರ್ತದ’ ಎಂದರು.

ಅಜ್ಜ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮ ಮುಖ ನೋಡಲಿಲ್ಲ. ಹಣಿಗೆಯ ಮೇಲೆ ಬೆರಳಿಟ್ಟು, ‘ಇದು ನಮ್ಮಪ್ಪಂದು’ ಎಂದರು. ಆಮೇಲೆ ಕಾಗದದ ಆ ಅಂಚಿನಿಂದ ಈ ಅಂಚಿನವರೆಗೆ, ಮಗ್ಗದಿಂದ ಇಳಿಸಿದ ಸೀರೆಯನ್ನು ಪರೀಕ್ಷಿಸುವಂತೆ, ಹೆಬ್ಬೆರಳನ್ನು ನಿಧಾನವಾಗಿ ಎಳೆದರು.

‘ಪಟ್ಟಿ ಇಲ್ಲ’ ಎಂದರು.

ನೀವೂ ತೊಳೆಯುವಿರಾದರೆ

* ತೂತುಗಳಿಂದ ಒಳಬಂದ ಕಪ್ಪು ಪಟ್ಟಿ: ಕುಲುಕಿದ್ದು ಜಾಸ್ತಿ. ನಿಧಾನವಾಗಿ, ಲೆಕ್ಕ ಹಿಡಿದು ತಿರುಗಿಸಿ.
* ಒಂದೇ ದಿಕ್ಕಿಗೆ ಇಳಿದ ತೆಳು ಬಾಲ: ಕುಲುಕಿದ್ದು ಕಡಿಮೆ.
* ದುಂಡನೆಯ ಖಾಲಿ ಚುಕ್ಕೆ: ಗಾಳಿಗುಳ್ಳೆ. ಟ್ಯಾಂಕಿನ ತಳ ತಟ್ಟಿ.
* ಉದ್ದಕ್ಕೂ ಒಂದೇ ಅಂಚು ತೆಳು: ದ್ರವ ಸಾಲದು, ಇಲ್ಲವೇ ರೀಲು ಮೇಲಕ್ಕೆ ಜಾರಿದೆ.
* ಇಡೀ ಫಿಲ್ಮ್ ಹಾಲಿನಂತೆ ಮಬ್ಬು: ಫಿಕ್ಸರ್ ಸಾಕಾಗಿಲ್ಲ. ಹೊಸ ಫಿಕ್ಸರಿನಲ್ಲಿ ಮತ್ತೆ ಹಾಕಿ, ಸರಿಹೋಗುತ್ತದೆ.
* ಅಡುಗೆ ಮನೆಯ ಪಾತ್ರೆ, ಅಳತೆ ಲೋಟ ಇದಕ್ಕೆ ಬಳಸಬೇಡಿ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ.
* ಮತ್ತೆ ಸಿಗದ ಚಿತ್ರ ಇರುವ ರೋಲನ್ನು ಮೊದಲು ತೊಳೆಯಬೇಡಿ. ಬಿಳಿ ಗೋಡೆಯ ಮೇಲೆ ಕೈ ಪಳಗಲಿ.